ಏರಿ ಮೇಲಿನ ಸ್ಕೂಟರ್

ಇಪ್ಪತ್ಮೂರನೇ ಕಿಕ್ಕಿಗೂ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ.

ಮೆಕ್ಯಾನಿಕ್ ಇಂದ್ರೇಶ್ ಕಾಲು ತೆಗೆದು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. ಅರಸೀಕೆರೆಯಿಂದ ಬಸ್ಸು ಹತ್ತಿ ಹಳೇಬೀಡಿಗೆ ಬಂದಿಳಿದಾಗ ಇದ್ದ ಗತ್ತು ಈಗ ಅರ್ಧ ಇಳಿದಿತ್ತು. ತಾನೇ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ಪ್ಲಗ್ ಕೂರಿಸಿದ ಇಂಜಿನ್ನು. ಪೊಲೀಸರ ಎದುರಿಗೇ ಹೀಗೆ ಮರ್ಯಾದೆ ತೆಗೆಯುತ್ತಿತ್ತು.

"ನಿನ್ ಕೈಗುಣ ಚೆನ್ನಾಗೈತೆ ಕಣಪ್ಪಾ," ಎಂದರು ಹೆಡ್ ಕಾನ್‌ಸ್ಟೇಬಲ್ ಕೆಂಚಪ್ಪ. "ಉಸಿರಿದ್ದ ಗಾಡಿನ ಹೆಣ ಮಾಡಿ ಕಳಿಸ್ತೀಯ."

ಹೇಳಿದ ಮೇಲೆ ಅವರಿಗೆ ನೆನಪಾಯಿತು. ಠಾಣೆಯ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಲತಾಮಣಿ ಕೂತಿದ್ದಳು. ಕೆಂಚಪ್ಪ ನಾಲಿಗೆ ಕಚ್ಚಿಕೊಂಡು, ಕಾರಣವಿಲ್ಲದೆ ಟೋಪಿ ಸರಿ ಮಾಡಿಕೊಂಡರು.

ಸಬ್ ಇನ್‌ಸ್ಪೆಕ್ಟರ್ ಹರ್ಷಿತಾ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಐದಕ್ಕೆ ಕೆರೆಯಿಂದ ಹುಡುಕಾಟದ ಬೋಟು ಎತ್ತುತ್ತಾರೆ.

ಲತಾಮಣಿಯ ಗಂಡ ಉಮಾಶಂಕರ್, ಅರಸೀಕೆರೆಯ ಭೂಮಾಪಕ, ಕಾಣೆಯಾಗಿ ಇದು ಆರನೇ ದಿನ. ಭಾನುವಾರ ಬೆಳಿಗ್ಗೆ ಹುಲಿಕೆರೆ ದಾರಿಯ ಕೆರೆ ಏರಿಯ ಮೇಲೆ ಈ ಸ್ಕೂಟರ್ ಒಂಟಿಯಾಗಿ ನಿಂತಿತ್ತು. ಕೀ ಅದರಲ್ಲೇ ಇತ್ತು, ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿತ್ತು. ಐದು ದಿನ ನೀರು ಜಾಲಾಡಿದರೂ ಏನೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಮೇಲಿನವರ ಫೋನು ಬಂದಿತ್ತು: ಇವತ್ತಿಗೆ ಸಾಕು. ನೀರುಪಾಲಾಗಿರಬಹುದು ಎಂದು ಬರೆದು, ಗಾಡಿಯನ್ನು ಹೆಂಡತಿಗೆ ಒಪ್ಪಿಸಿ.

ಒಪ್ಪಿಸಲು ಹೋದಾಗ ತಾನೆ ಗೊತ್ತಾಗಿದ್ದು, ಗಾಡಿ ಸ್ಟಾರ್ಟೇ ಆಗುತ್ತಿಲ್ಲ. ಆರು ದಿನದಲ್ಲಿ ಯಾರೂ ಕೀ ತಿರುಗಿಸಿ ನೋಡಿರಲಿಲ್ಲ. ಏರಿಯ ಮೇಲಿಂದ ಠಾಣೆಗೆ ಅದು ಗೂಡ್ಸ್ ಟೆಂಪೋದಲ್ಲಿ ಬಂದಿತ್ತು. ಸ್ಕೂಟರ್ ಕೆಡುವುದು ದೊಡ್ಡ ವಿಷಯವಲ್ಲ. ಆದರೂ ಹರ್ಷಿತಾಗೆ ಒಂದು ಕಡೆ ಕೂರಲಾಗಲಿಲ್ಲ. ಅಂಗಳದ ಉದ್ದಕ್ಕೂ ನಡೆದಳು, ತಿರುಗಿದಳು, ಮತ್ತೆ ನಡೆದಳು.

ಏರಿಯವರೆಗೆ ಓಡಿ ಬಂದ ಗಾಡಿ ಈಗ ಯಾಕೆ ಹೊರಡುತ್ತಿಲ್ಲ?

"ಒದೆಯೋದು ನಿಲ್ಸಿ," ಎಂದಳು. "ಮೊದಲಿಂದ ಬನ್ನಿ. ಇಂಜಿನ್ನಿಗೆ ಏನೇನು ಬೇಕು?"

ಇಂದ್ರೇಶ್‌ಗೆ ಪರೀಕ್ಷೆಗೆ ಕೂತಂತಾಯಿತು. "ಕರೆಂಟು. ಪೆಟ್ರೋಲು. ಗಾಳಿ. ಕಂಪ್ರೆಷನ್ನು."

"ಒಂದೊಂದಾಗಿ ತೋರಿಸಿ. ಎರಡನ್ನ ಒಟ್ಟಿಗೆ ಮುಟ್ಟಬೇಡಿ."

ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಅವಳು ಕಲಿತ ಪಾಠ ಅದೊಂದೇ ಇರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸು. ಉಳಿದದ್ದನ್ನು ಇದ್ದಲ್ಲೇ ಬಿಡು.

ಇಂದ್ರೇಶ್ ಪ್ಲಗ್ ಬಿಚ್ಚಿ, ಅದರ ಮೈಯನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದ. ಚಿಟ್ ಎಂದು ನೀಲಿ ಕಿಡಿ ಹಾರಿತು. ಕರೆಂಟಿದೆ.

ಹರ್ಷಿತಾ ಪ್ಲಗ್ಗನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ತುದಿ ಒಗೆದ ಬಟ್ಟೆಯಷ್ಟು ಬಿಳಿ. ಮಸಿಯ ಒಂದು ಚುಕ್ಕೆಯೂ ಇಲ್ಲ. ಮೂಸಿ ನೋಡಿದಳು, ಪೆಟ್ರೋಲಿನ ವಾಸನೆಯೂ ಇಲ್ಲ.

"ಇಪ್ಪತ್ಮೂರು ಸಲ ಒದ್ದಿದ್ದೀರಿ. ಪ್ಲಗ್ ಒದ್ದೆ ಆಗಬೇಕಿತ್ತಲ್ವಾ?"

"ಆಗ್ಬೇಕಿತ್ತು ಮೇಡಂ. ಅದೇ ನಂಗೂ..." ಅವನು ಕಾರ್ಬುರೇಟರಿನ ಕೆಳಗಿನ ಸ್ಕ್ರೂ ಸಡಿಲಿಸಿದ. ಕೆಂಚಪ್ಪ ಹಿಡಿದ ಟೀ ಲೋಟಕ್ಕೆ ಪೆಟ್ರೋಲು ತೊಟ್ಟಿಕ್ಕಿತು. "ಇಲ್ಲೀವರೆಗೂ ಬಂದೈತೆ. ಮುಂದಕ್ಕೆ ಹೋಗ್ತಿಲ್ಲ."

"ನಮ್ ಫೈಲಿನ ಥರಾನೇ," ಎಂದರು ಕೆಂಚಪ್ಪ.

"ಕಂಪ್ರೆಷನ್?"

"ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಕಿಕ್ ಹೊಡುದ್ರೆ ಬೆರಳು ಎಗರಿ ಬೀಳ್ಬೇಕು. ಹೊಸ ರಿಂಗು, ಹೊಸ ಬೋರು."

"ಬೆರಳು ನಾನಿಡ್ತೀನಿ. ನೀವು ಹೊಡೀರಿ."

ಅವಳು ಕುಕ್ಕರುಗಾಲಲ್ಲಿ ಕೂತು ಹೆಬ್ಬೆರಳನ್ನು ತೂತಿಗೆ ಒತ್ತಿದಳು. ಇಂದ್ರೇಶ್ ಒದ್ದ. ಬೆರಳು ಎಗರಲಿಲ್ಲ. ಬದಲಿಗೆ ಇಂಜಿನ್ನು ಬೆರಳಿನ ತುದಿಯನ್ನು ಕರುವಿನ ಹಾಗೆ ಒಳಕ್ಕೆ ಚೀಪಿಕೊಂಡಿತು. ಅವಳು ಕೈ ತೆಗೆಯಲಿಲ್ಲ. "ಇನ್ನೊಂದ್ಸಲ." ಮತ್ತೆ ಅದೇ.

"ಎಳೀತಿದೆ. ತಳ್ತಿಲ್ಲ."

ಸಿರಿಂಜಿನ ಬಾಯಿ ಮುಚ್ಚಿಕೊಂಡು ಹಿಡಿಕೆ ಎಳೆದರೆ ಹೀಗೇ ಆಗುತ್ತದೆ. ಪಿಸ್ಟನ್ನು ಗಾಳಿಗಾಗಿ ಎಳೆಯುತ್ತಿದೆ. ಗಾಳಿ ಬರುವ ದಾರಿ ಮುಚ್ಚಿದೆ. ಗಾಳಿ ಇಲ್ಲದಿದ್ದರೆ ಪೆಟ್ರೋಲನ್ನು ಒಳಗೆ ಹೊತ್ತುಕೊಂಡು ಹೋಗುವವರೂ ಇಲ್ಲ. ಅದಕ್ಕೇ ಪ್ಲಗ್ಗು ಒಣಗಿದೆ.

ತಲೆ ಎತ್ತಿದಾಗ ಇಂದ್ರೇಶನ ಮುಖದ ಬಣ್ಣ ಹೋಗಿತ್ತು.

"ಇಲ್ಲ," ಎಂದ. "ಇರಕ್ಕಿಲ್ಲ. ಅವ್ರು ತೆಗ್ದಿರ್ತಾರೆ."

"ಏನನ್ನ?"

ಅವನು ಸ್ಪ್ಯಾನರ್ ಹುಡುಕಿದ. ಕಾರ್ಬುರೇಟರನ್ನು ಇಂಜಿನ್ನಿಗೆ ಸೇರಿಸುವ ಕೊಳವೆಗೆ ಎರಡು ಬೋಲ್ಟು. ಎರಡರ ತಲೆಯ ಮೇಲೂ ಗುಲಾಬಿ ಬಣ್ಣದ ಸಣ್ಣ ಗೀಟು. ಬೋಲ್ಟಿನಿಂದ ಇಳಿದು ಪಕ್ಕದ ಲೋಹದವರೆಗೂ ಒಂದೇ ಎಳೆಯಾಗಿ ಹರಿದಿತ್ತು.

"ತಡೀರಿ. ಇದೇನು?"

"ನನ್ ಗುರುತು ಮೇಡಂ. ಬೋಲ್ಟ್ ಬಿಗಿ ಮಾಡಿದ್ ಮೇಲೆ ನಮ್ಮನೆಯವಳ ನೇಲ್ ಪಾಲಿಶ್ ಒಂದು ಗೀಟು ಎಳೀತೀನಿ. ಬೇರೆ ಯಾರಾದ್ರೂ ಬಿಚ್ಚುದ್ರೆ ಒಡೆದೋಗುತ್ತೆ. 'ನೀನೇ ಹಾಳ್ ಮಾಡಿದ್ದು' ಅಂತ ಗಿರಾಕಿಗಳು ಜಗಳಕ್ಕೆ ಬತ್ತಾರಲ್ಲ, ಅದಕ್ಕೆ."

ಗೀಟು ಒಡೆದಿರಲಿಲ್ಲ. ಹರ್ಷಿತಾ ಮೊಬೈಲಿನಲ್ಲಿ ಎರಡರ ಫೋಟೋ ತೆಗೆದುಕೊಂಡು ತಲೆಯಾಡಿಸಿದಳು. ಸ್ಪ್ಯಾನರ್ ತಿರುಗಿದಾಗ ಬಣ್ಣ ಚಟಕ್ಕೆಂದು ಬಿರುಕು ಬಿಟ್ಟಿತು. ಕಾರ್ಬುರೇಟರ್ ಪಕ್ಕಕ್ಕೆ ಸರಿಯಿತು.

ಕೊಳವೆಯ ಗಂಟಲಲ್ಲಿ ಬಟ್ಟೆ ತುರುಕಿತ್ತು. ನೀಲಿ ಚೌಕುಳಿ, ಅಂಗೈಯಷ್ಟು ತುಂಡು.

ಬೆಂಚಿನಿಂದ ಲತಾಮಣಿ ಯಾವಾಗ ಎದ್ದು ಬಂದಳೋ. "ಅದು ಅವ್ರ ಲುಂಗಿ," ಎಂದಳು. "ಶನಿವಾರ ಅವ್ರೇ ಹರ್ಕೊಂಡು ಜೇಬಿಗೆ ಹಾಕ್ಕೊಂಡ್ ಹೋದ್ರು. ಯಾತಕ್ಕೆ ಅಂದ್ರೆ, ಇಂದ್ರೇಶನ ಶಾಸ್ತ್ರ ಕಣೇ ಅಂತ ನಕ್ಕರು."

ಇಂದ್ರೇಶ್ ನೆಲ ನೋಡುತ್ತ ಹೇಳಿದ.

"ಶನಿವಾರ ಅಮಾಸೆ ಮೇಡಂ. ಅಮಾಸೆ ದಿನ ಹೊಸ ಇಂಜಿನ್ನಿಗೆ ನಾವು ಮೊದಲ ಕಿಕ್ ಕೊಡಲ್ಲ. ನಮ್ಮಪ್ಪ ಗ್ಯಾರೇಜ್ ಇಟ್ಟಾಗಿಂದ ಹಂಗೇ. ಕೆಲಸ ಮುಗುದ್ರೆ, ಗಾಡಿ ಓನರ್ ಕೈಲೇ ಅವರ ಮನೆ ಬಟ್ಟೆ ಒಂದು ತುಂಡು ಇಲ್ಲಿ ತುರುಕಿಸಿ ಮುಚ್ಚಿಬಿಡ್ತೀವಿ. ಇಲ್ದಿದ್ರೆ ದಾರೀಲಿ ಹೋಗೋರೆಲ್ಲ ಒಂದೊಂದ್ ಕಿಕ್ ಹೊಡುದು ನೋಡ್ತಾರೆ. ಸೋಮವಾರ ನಿಂಬೆಹಣ್ಣು ಇಟ್ಟು ಪೂಜೆ ಮಾಡಿ, ಅವರ ಕೈಲೇ ಬಟ್ಟೆ ತೆಗೆಸಿ, ಅವರೇ ಮೊದಲ ಕಿಕ್ಕು. ಉಮಾಶಂಕರಣ್ಣನೇ ಈ ಬಟ್ಟೆ ತುರುಕಿದ್ದು. ನನ್ ಕಣ್ಣೆದುರಿಗೆ. ಆಮೇಲೆ, ಬಾಣಾವರದಲ್ಲಿ ಅಳತೆ ಕೆಲಸ ಐತೆ ಅಂತ ಹೇಳಿ ಬಸ್‌ಸ್ಟಾಂಡ್ ಕಡೆ ನಡ್ಕೊಂಡು ಹೋದ್ರು."

"ಗಾಡಿ ಕಾಣೆ ಆದಾಗ ನೀವು ಯಾಕೆ ಸುಮ್ನಿದ್ರಿ?"

"ಭಾನುವಾರ ಅಂಗಡಿ ರಜ. ಸೋಮವಾರ ಬಂದ್ರೆ ಗಾಡಿ ಇಲ್ಲ. ಅಷ್ಟರಲ್ಲಿ ಕೆರೆ ಸುದ್ದಿ ಬಂತು. ಸ್ಪೇರ್ ಕೀ ತಂದು, ಅವ್ರೇ ಬಟ್ಟೆ ತೆಗ್ದು ಹೋಗವ್ರೆ ಅನ್ಕೊಂಡೆ. ಪೂಜೆ ಇಲ್ದೆ ಹೋಗಿದ್ಕೇ ಹಿಂಗಾಯ್ತಲ್ಲ ಅಂತ..."

ಹರ್ಷಿತಾ ಬಟ್ಟೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡಳು. ಮನಸ್ಸಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು ನೋಡಿದಳು. ಬಟ್ಟೆ ಶನಿವಾರ ಒಳಗೆ ಹೋಯಿತು. ಬೋಲ್ಟನ್ನು ಆಮೇಲೆ ಯಾರೂ ಬಿಚ್ಚಿಲ್ಲ. ಪ್ಲಗ್ಗು ಒಮ್ಮೆಯೂ ಉರಿದಿಲ್ಲ. ಅಂದರೆ ಈ ಇಂಜಿನ್ನು ಅರಸೀಕೆರೆಯಿಂದ ಏರಿಯವರೆಗೆ ಒಂದು ಮಾರು ದೂರವೂ ಓಡಿಲ್ಲ.

ಆದರೆ ಅದು ಓಡಿದ್ದನ್ನು ಕಣ್ಣಾರೆ ಕಂಡವನೊಬ್ಬನಿದ್ದ. ಅವನ ಮಾತಿನ ಮೇಲೆಯೇ ಐದು ದಿನ ಬೋಟು ನೀರಿನಲ್ಲಿತ್ತು.

ಕೆಂಚಪ್ಪನವರಿಗೂ ಹೊಳೆದಿತ್ತು. ಗೇಟಿನ ಹೊರಗೆ ನಿಂತಿದ್ದ ಗೂಡ್ಸ್ ಟೆಂಪೋ ಕಡೆ ಕಣ್ಣಲ್ಲೇ ತೋರಿಸಿದರು. ಏರಿಯಿಂದ ಠಾಣೆಗೆ ಸ್ಕೂಟರನ್ನು ಹೊತ್ತು ತಂದದ್ದೂ ಅದೇ ಟೆಂಪೋ.

"ನನ್ ತಮ್ಮ ಸುಳ್ಳು ಹೇಳಲ್ಲ," ಎಂದಳು ಲತಾಮಣಿ, ಯಾರೂ ಏನೂ ಕೇಳದಿದ್ದರೂ.

*

ಲತಾಮಣಿಯ ತಮ್ಮ ಮಧುಕುಮಾರ್ ಬಾಯಲ್ಲಿ ಹಲ್ಲುಕಡ್ಡಿ ಇಟ್ಟುಕೊಂಡೇ ಒಳಗೆ ಬಂದ. ಎಳನೀರು, ಕೊಬ್ಬರಿ ಸಾಗಿಸುವ ಆಳು. ತೋಳು ಗಟ್ಟಿ, ಕಣ್ಣುಗಳು ಮಾತ್ರ ನಿದ್ದೆಗೆಟ್ಟು ಒಳಗೆ ಹೋಗಿದ್ದವು.

"ಲೋಡ್ ಮಾಡೋಣ್ವಾ ಮೇಡಂ? ಅಕ್ಕನ್ನ ಕತ್ಲೆ ಆಗೋದ್ರೊಳಗೆ ಮನೆ ಸೇರಿಸ್ಬೇಕು."

"ಲೋಡ್ ಯಾಕೆ? ಓಡಿಸ್ಕೊಂಡೇ ಹೋಗಬಹುದಲ್ಲ."

"ಯಾಕ್ ರಿಸ್ಕು ಮೇಡಂ. ಟೆಂಪೋ ಹೆಂಗೂ ಐತಲ್ಲ."

"ಭಾನುವಾರದ್ದು ಇನ್ನೊಂದ್ಸಲ ಹೇಳಿ. ವರದಿ ಮುಗಿಸಬೇಕು."

ಅವನು ಪಾಠ ಒಪ್ಪಿಸಿದ. ಆರು ಗಂಟೆ ಇರಬಹುದು. ಎಳನೀರು ಹಾಕಿಕೊಂಡು ಬೇಲೂರಿಗೆ ಹೋಗುತ್ತಿದ್ದೆ. ಹುಲಿಕೆರೆ ತಿರುವಿನಲ್ಲಿ ಭಾವ ಎದುರಾದರು. ಕೈ ಎತ್ತಿದರು. ಹಾರ್ನ್ ಹೊಡೆದೆ. ನಿಲ್ಲಿಸಲಿಲ್ಲ.

"ಗಾಡಿ ಸೌಂಡು ಹೇಗಿತ್ತು?"

"ಹೊಸ ಇಂಜಿನ್ನಲ್ವಾ ಮೇಡಂ. ಬೆಣ್ಣೆ ಥರ."

ಹರ್ಷಿತಾ ಜೇಬಿನಿಂದ ಬಟ್ಟೆ ತೆಗೆದು ಸ್ಕೂಟರಿನ ಸೀಟಿನ ಮೇಲಿಟ್ಟಳು.

"ಇದು ಶನಿವಾರದಿಂದ ಇವತ್ತಿನವರೆಗೆ ಈ ಇಂಜಿನ್ನಿನ ಗಂಟಲಲ್ಲಿತ್ತು. ಅರ್ಧ ಗಂಟೆ ಹಿಂದೆ ತೆಗೆದ್ವಿ. ಬೆಣ್ಣೆ ಥರ ಓಡಿದ್ದು ಯಾವ ಗಾಡಿ?"

ಹಲ್ಲುಕಡ್ಡಿ ನಿಂತಿತು. ಅವನ ಕಣ್ಣು ಬಟ್ಟೆಯಿಂದ ಇಂದ್ರೇಶನಿಗೆ, ಅಲ್ಲಿಂದ ಗೇಟಿಗೆ ಓಡಿತು. ಗೇಟಿನ ಮುಂದೆ ಕೆಂಚಪ್ಪ ಆರಾಮಾಗಿ ಹೊಟ್ಟೆ ಸವರಿಕೊಳ್ಳುತ್ತ ನಿಂತಿದ್ದರು.

"ಬೇರೆ... ಬೇರೆ ಗಾಡಿ ಇರ್ಬೋದು ಮೇಡಂ. ಮಬ್ಬು ಬೆಳಕು."

"ಭಾವನೂ ಬೇರೆಯವರಿರಬಹುದಾ?"

"ಮಧು." ಲತಾಮಣಿ ಅವನೆದುರು ಬಂದು ನಿಂತಳು. ದನಿ ಏರಿರಲಿಲ್ಲ. "ಆರು ದಿನದಿಂದ ಆ ಏರಿ ಮೇಲೆ ಕೂತಿದೀನಿ ಕಣೋ. ಬೋಟು ಒಂದೊಂದ್ಸಲ ಕೊಕ್ಕೆ ಎತ್ತಿದಾಗಲೂ ನನ್ ಉಸಿರು ನಿಂತು ಹೋಗೋದು. ನೀನು ನನ್ ಪಕ್ಕ ಕೂತು ಬನ್ನು ತಿನ್ನಿಸಿದೀಯ. ನನ್ ಮುಖ ನೋಡಿ ಹೇಳು. ಅವ್ರನ್ನ ಏನ್ ಮಾಡ್ದೆ?"

"ಅಯ್ಯೋ ಅಕ್ಕ, ನಾನಾ?" ಅವನ ಮುಖ ಒಡೆದುಹೋಯಿತು. "ಭಾವ ಬದುಕವ್ರೆ ಕಣಕ್ಕಾ! ಅವ್ರೇ ಹೇಳಿದ್ದು ಹಂಗೆ ಮಾಡು ಅಂತ!"

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಹೊಂಗೆ ಮರದ ಗುಬ್ಬಿಗಳು ಎದ್ದವು. ಹೊಡೆದ ಕೈಯಲ್ಲೇ ಅವಳು ತಮ್ಮನ ಅಂಗಿ ಹಿಡಿದುಕೊಂಡಳು. ಬಿದ್ದುಬಿಡುತ್ತೇನೆ ಎನ್ನುವ ಹಾಗೆ.

"ಬದುಕಿದ್ದಾರಾ? ಎಲ್ಲೋ? ಎಲ್ಲಿದ್ದಾರೋ?"

ಎಲ್ಲ ಒಟ್ಟಿಗೆ ಹೊರಬಿತ್ತು. ಶನಿವಾರ ರಾತ್ರಿ ಹೊಸ ನಂಬರಿನಿಂದ ಮೆಸೇಜು ಬಂತು. ಬಾಣಾವರದ ತೆಂಗಿನ ತೋಟವೊಂದಕ್ಕೆ ಉಮಾಶಂಕರ್ ಹದ್ದುಬಸ್ತು ನಕ್ಷೆ ಬರೆದಿದ್ದ. ಗಡಿ ಒತ್ತುವರಿ ಅದರಲ್ಲಿ ಬಯಲಾಗುತ್ತಿತ್ತು. ಸೋಮವಾರ ನಕ್ಷೆ ಕಚೇರಿಗೆ ಕೊಟ್ಟರೆ ಒತ್ತುವರಿ ಮಾಡಿದವರು ಜೀವ ತೆಗೆಯುತ್ತಾರೆ, ಹತ್ತು ದಿನ ಸತ್ತವನಂತೆ ಇರಬೇಕು ಎಂದು ಮೆಸೇಜಿನಲ್ಲಿತ್ತು. ಮೆಸೇಜಿನಲ್ಲಿದ್ದ ಹಾಗೇ ಮಧುಕುಮಾರ್ ಮಾಡಿದ. ಗಾಡಿ ಮಾತ್ರ ಸ್ಟಾರ್ಟ್ ಆಗಲಿಲ್ಲ. ಬೆಳಕಾಗುತ್ತಿತ್ತು, ಹಗ್ಗ ಕಟ್ಟಿ ಟೆಂಪೋಗೆ ಹಾಕಿಕೊಂಡು ಬಂದು ಏರಿಯ ಮೇಲೆ ಇಳಿಸಿದ.

"ಸ್ಟಾರ್ಟ್ ಆಗಲಿಲ್ಲ ಅಂತ ಅವರಿಗೆ ತಿಳಿಸಿದ್ರಾ?" ಹರ್ಷಿತಾ ಕೇಳಿದಳು.

"ಇಲ್ಲ. 'ಇಟ್ಟೆ ಭಾವ' ಅಂತ ಅಷ್ಟೇ."

"ಧ್ವನಿ ಕೇಳಿದ್ದೀರಾ? ಒಂದೇ ಒಂದು ಸಲ?"

"ಫೋನ್ ಮಾಡಿದ್ರೆ ಎತ್ತಲ್ಲ ಮೇಡಂ. ಮೆಸೇಜೇ. ಆದ್ರೆ ಭಾವನೇ. ಸ್ಪೇರ್ ಕೀ ನಮ್ ಅಕ್ಕನ ಮನೆ ಮೀಟರ್ ಬಾಕ್ಸ್ ಹಿಂದೆ ಇರೋದು ಇನ್ಯಾರಿಗೆ ಗೊತ್ತು?"

ಹರ್ಷಿತಾ ಕೈ ಚಾಚಿದಳು. ಅವನು ಮೊಬೈಲ್ ತೆರೆದು ಕೊಟ್ಟ. ಅವಳು ಜೋರಾಗಿ ಓದಿದಳು.

"'ಸ್ಕೂಟರ್ ಇಂದ್ರೇಶನ ಅಂಗಡಿ ಮುಂದಿದೆ. ಬೆಳಕಾಗೋ ಮುಂಚೆ ಅದನ್ನ ಓಡಿಸಿಕೊಂಡು ಹೋಗಿ ಏರಿ ಮೇಲೆ ನಿಲ್ಲಿಸು. ನಾನು ಓಡಿಸಿಕೊಂಡು ಹೋಗ್ತಿದ್ದದ್ದನ್ನ ನೀನು ನೋಡಿದೆ ಅಂತ ಹೇಳು. ಅಕ್ಕನಿಗೆ ತಿಳೀಬಾರದು.'"

ಲತಾಮಣಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಆಕಾಶಕ್ಕೆ ಕೈ ಮುಗಿದಳು. ಮಾಲೇಕಲ್ಲಿನ ತಿಮ್ಮಪ್ಪನ ಹೆಸರು ಅವಳ ತುಟಿಯ ಮೇಲಿತ್ತು.

ಇಂದ್ರೇಶ್ ಒಬ್ಬನೇ ಸ್ಪ್ಯಾನರ್ ಹಿಡಿದು ಕಲ್ಲಿನ ಹಾಗೆ ನಿಂತಿದ್ದ.

"ಮೇಡಂ," ಎಂದ. "ಇನ್ನೊಂದ್ ಕಿತ ಓದಿ. ಓಡಿಸ್ಕೊಂಡು ಹೋಗು ಅಂತ ಐತಾ?"

"ಇದೆ."

"ಉಮಾಶಂಕರಣ್ಣ ಹಂಗೆ ಯಾಕ್ ಬರೀತಾರೆ? ಅದು ಓಡಲ್ಲ ಅಂತ ಅವ್ರಿಗೆ ಗೊತ್ತು. ಬಟ್ಟೆ ತುರುಕಿದ ಕೈ ಅವ್ರದ್ದೇ."

ಲತಾಮಣಿಯ ಮುಗಿದ ಕೈ ನಿಧಾನವಾಗಿ ಕೆಳಗಿಳಿಯಿತು.

ಒಂದೇ ಬಟ್ಟೆ, ಒಂದು ಗಂಟೆಯೊಳಗೆ ಎರಡು ಸಲ ಸಾಕ್ಷಿ ಹೇಳಿತ್ತು. ಮೊದಲ ಸಲ, ಉಮಾಶಂಕರ್ ಕೆರೆಗೆ ಬಂದಿಲ್ಲ ಎಂದು. ಈಗ, ಈ ಮಾತು ಅವನದಲ್ಲ ಎಂದು. ಕೀ ಇರುವ ಜಾಗವನ್ನು ಅವನ ಬಾಯಿಂದ ಯಾರೋ ಹೇಳಿಸಿದ್ದಾರೆ. ಅವನು ಹೇಳಿದ್ದಾನೆ. ಬಟ್ಟೆಯ ವಿಷಯ ಮಾತ್ರ ನುಂಗಿಕೊಂಡಿದ್ದಾನೆ. ಗಾಡಿ ಹೊರಡುವುದಿಲ್ಲ, ಯಾರಾದರೂ ಅದನ್ನು ಬಿಚ್ಚಿ ನೋಡುತ್ತಾರೆ ಎಂದು ನಂಬಿಕೊಂಡು.

ಯಾರೂ ಆರು ದಿನ ಬಿಚ್ಚಿರಲಿಲ್ಲ.

ಅವಳು ಉಳಿದ ಮೆಸೇಜುಗಳನ್ನು ಬೆರಳಿನಿಂದ ಮೇಲಕ್ಕೆ ಸರಿಸಿದಳು. ಸೋಮವಾರ: 'ಬೋಟು ಬಂತಾ?' ಮಂಗಳವಾರ: 'ಬೋಟು ಇನ್ನೂ ಇದ್ಯಾ?' ಬುಧವಾರ, ಗುರುವಾರ, ಅದೇ ಪ್ರಶ್ನೆ.

"ನಾನು ಹೇಗಿದೀನಿ ಅಂತ ಒಂದ್ಸಲನೂ ಕೇಳಿಲ್ಲ," ಎಂದಳು ಅವಳ ಭುಜದ ಮೇಲಿಂದ ಓದುತ್ತಿದ್ದ ಲತಾಮಣಿ. "ಅವ್ರಲ್ಲ."

ಬೋಟು. ದಿನವೂ ಬೋಟು. ಹೆಣ ನೀರಿನಲ್ಲಿದ್ದರೆ ಬೋಟು ಬರುವ ಮೊದಲೇ ಹೆದರಬೇಕಿತ್ತು. ಮೆಸೇಜು ಬರೆಯುವವನು ಹೆದರಿಲ್ಲ, ಬೋಟು ಹೋಗಲೆಂದು ಕಾಯುತ್ತಿದ್ದಾನೆ. ಹುಡುಕಿ ಮುಗಿಸಿದ ಕೆರೆಯಲ್ಲಿ ಮತ್ತೆ ಯಾರೂ ಹುಡುಕುವುದಿಲ್ಲ. ಆಮೇಲೆ ಅವನನ್ನು ಅಲ್ಲಿ ಮುಳುಗಿಸಿ, ವಾರದ ಮೇಲೆ ಹೆಣ ತೇಲಿದರೆ, ಕೆಸರಲ್ಲಿ ಸಿಕ್ಕಿಕೊಂಡಿತ್ತು ಎಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿಯವರೆಗೆ ಉಮಾಶಂಕರ್ ಎಲ್ಲೋ ಬದುಕಿರಲೇಬೇಕು. ಬೋಟು ಇರುವವರೆಗೆ.

"ಕೆಂಚಪ್ಪನವರೇ! ಬೋಟಿನವರಿಗೆ ಫೋನ್ ಮಾಡಿ. ಎತ್ತಬೇಡಿ ಅನ್ನಿ. ಈಗಲೇ!"

ಗಡಿಯಾರ ನಾಲ್ಕೂ ನಲವತ್ತು. ಇನ್ನೂ ಇಪ್ಪತ್ತು ನಿಮಿಷವಿತ್ತು. ಕೆಂಚಪ್ಪ ಫೋನು ಕಿವಿಗಿಟ್ಟುಕೊಂಡು, ಕೇಳಿ, ನಿಧಾನವಾಗಿ ಕೆಳಗಿಳಿಸಿದರು.

"ಹಾಸನದಿಂದ ಇನ್ನೊಂದು ಕರೆ ಬಂತಂತೆ ಮೇಡಂ. ಮುಂಚೆನೇ ಎತ್ಕೊಂಡು ಹೊರಟವ್ರೆ. ಹಗರೆ ದಾಟೈತೆ ಲಾರಿ."

ಹರ್ಷಿತಾಳ ಕೈಯಲ್ಲಿದ್ದ ಮಧುಕುಮಾರನ ಮೊಬೈಲು ಒಮ್ಮೆ ನಡುಗಿತು. ಅದೇ ನಂಬರು.

'ಬೋಟು ಎತ್ತಿದ್ರಾ?'

ಇಲ್ಲ, ಇನ್ನೂ ಎರಡು ದಿನ ಇರುತ್ತೆ ಎಂದು ಬರೆಯಲು ಅವಳು ಬೆರಳು ಊರಿದಳು. ಮೊದಲ ಅಕ್ಷರ ಒತ್ತುವಷ್ಟರಲ್ಲಿ ಫೋನು ಮತ್ತೆ ನಡುಗಿತು.

'ಬೇಡ ಬಿಡು. ಇಲ್ಲಿಂದಲೇ ಕಾಣ್ತಿದೆ. ಕೆರೆ ಖಾಲಿ.'